ಹಸಿರು ಬಳಿದ ಕಣಿವೆ

ಮಾರ್ಚ್ ೫

ನಕ್ಷೆ ಬರೆಯುವ ಮಹಾರಾಯ್ತಿಗೆ,

ಈ ವರ್ಷದ ಮೊದಲ ಬಾಟಲಿ ಕಳಿಸಿದ್ದೇನೆ. ಪೆಟ್ಟಿಗೆಯನ್ನು ಜೋಪಾನವಾಗಿ ಬಿಚ್ಚು. ಕಾಗದವನ್ನು ಬಾಟಲಿಗೇ ಸುತ್ತಿದ್ದೇನೆ, ಸ್ಪಿರಿಟ್ ಸೋರಿದರೆ ಎರಡೂ ಹಾಳು. ನಮ್ಮ ಕಣಿವೆಗೆ ಫೋನು ಇನ್ನೂ ದಾರಿ ಹುಡುಕುತ್ತಲೇ ಇದೆ. ಹಾಗಾಗಿ ಹುಳುಗಳ ಜೊತೆ ಪುಕ್ಕಟೆ ಸವಾರಿ ಮಾಡಿ ನಿನ್ನ ಮೇಜಿನ ಮೇಲೆ ಇಳಿಯುವುದೇ ನನ್ನ ಕಾಗದಕ್ಕೆ ಉಳಿದಿರುವ ಹಾದಿ.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡು. ದೀಪದ ಬಲೆ ರಾತ್ರಿಯಿಡೀ ಉರಿದಿದೆ, ಅದರ ಕೆಳಗಿನ ಫ್ಯಾನು ರಾತ್ರಿಯಿಡೀ ಗಾಳಿ ಎಳೆದು ಹುಳುಗಳನ್ನು ಬಾಟಲಿಗೆ ಬೀಳಿಸಿದೆ. ಆದರೂ ಕುರಿಯನ್ನು ಕಚ್ಚುವ ನೊರಜು ಒಂದೇ ಒಂದು ಸಿಕ್ಕಿಲ್ಲ. ಹೋದ ವರ್ಷ ಇದೇ ಹೊತ್ತಿಗೆ ನಿಮ್ಮ ಕಚೇರಿಯವರು ನನ್ನ ಹೆಸರಿನ ಮುಂದೆ ಎಂಥ ಸಂಖ್ಯೆ ಅಚ್ಚು ಹಾಕಿದ್ದರು ನೆನಪಿದೆಯಲ್ಲ. ಪಶುವೈದ್ಯರ ಸಭೆಯಲ್ಲಿ ಒಬ್ಬ ಮಹಾಶಯ ಎದ್ದು ನಿಂತು, "ನೊರಜಿನ ರಾಣಿ ಬಂದ್ರು, ಜಾಗ ಬಿಡಿ" ಅಂದಿದ್ದ. ಈ ವರ್ಷ ಅವನಿಗೆ ಈ ಬಾಟಲಿ ತೋರಿಸು.

ನಿಮ್ಮಣ್ಣ ಚೆನ್ನಾಗಿದ್ದಾರೆ. ಕುರಿಗಳ ಜೊತೆ ಆಡುವಷ್ಟು ಮಾತನ್ನು ನನ್ನ ಜೊತೆ ಆಡುವುದಿಲ್ಲ ಎಂಬ ನನ್ನ ಹಳೆಯ ದೂರು ಹಾಗೇ ಇದೆ. ಮರಿಗಳು ಹುಟ್ಟಿ ದೊಡ್ಡಿ ತುಂಬಿದೆ. ಅವುಗಳನ್ನು ನೋಡಿದಾಗೆಲ್ಲ ಎರಡು ವರ್ಷದ ಹಿಂದೆ ಈ ನೊರಜು ಹರಡಿದ ನೀಲಿ ನಾಲಿಗೆ ರೋಗ ನೆನಪಾಗುತ್ತದೆ. ಆಗ ಲಸಿಕೆ ಬಂದದ್ದು ಕುರಿಗಳನ್ನು ಹೂಳಿದ ಮೇಲೆ, ಕೋಟೆ ಸೂರೆ ಹೋದ ಮೇಲೆ ಬಾಗಿಲು ಹಾಕಿದ ಹಾಗೆ. ಬಾಯಿ ಊದಿ, ನಾಲಿಗೆ ಹೊರಗೆ ಚಾಚಿ, ಮೇವು ಕಣ್ಣೆದುರೇ ಇದ್ದರೂ ತಿನ್ನಲಾಗದೆ ನಿಂತಿದ್ದ ಕುರಿಗಳನ್ನು ನಾನು ಮರೆಯುವ ಹಾಗಿಲ್ಲ. ಈ ವರ್ಷ ಲಸಿಕೆ ನೊರಜಿಗಿಂತ ಮುಂಚೆ ಬರಬೇಕು. ಬರುತ್ತದೆ ಎಂದು ಕಣಿವೆಯವರಿಗೆ ಮಾತು ಕೊಟ್ಟುಬಿಟ್ಟಿದ್ದೇನೆ. ಮನೆಮಗಳು ನಕ್ಷೆಯ ಕಚೇರಿಯಲ್ಲಿ ಕೂತಿರುವಾಗ ನನಗೇನು ಭಯ.

ನಿನ್ನ ಅತ್ತಿಗೆ


ಮಾರ್ಚ್ ೧೬

ಅತ್ತಿಗೆ,

ಬಾಟಲಿ ಬಂತು, ಸೋರಿಲ್ಲ. ನಿಜಕ್ಕೂ ನೊರಜಿಲ್ಲ. ಏನು ಮಂತ್ರ ಹಾಕಿದಿರಿ?

ನಾನು ಈಗ ಕೂರುವ ಕೋಣೆ ಮೊದಲು ಹಳೆಯ ಕಡತಗಳ ಉಗ್ರಾಣವಾಗಿತ್ತು. ಒಂದು ಕಿಟಕಿ, ಎರಡು ಕಂಪ್ಯೂಟರು, ಒಂದು ಸೂಕ್ಷ್ಮದರ್ಶಕ, ಗೋಡೆಯ ತುಂಬ ನಾಡಿನ ನಕ್ಷೆ. ಕಿಟಕಿಯಿಂದ ನದಿಯ ಮೇಲಿನ ಸೇತುವೆ ಕಾಣುತ್ತದೆ. ಬೇಸರವಾದಾಗ ಬಸ್ಸುಗಳನ್ನು ನೋಡುತ್ತೇನೆ.

ಕೆಲಸ ಹೇಳಿದರೆ ಸುಲಭ. ಯಾವ ಜಾಗದಲ್ಲಿ ಎಷ್ಟು ಸೆಕೆ, ಎಷ್ಟು ಮಳೆ, ನೆಲ ಎಷ್ಟು ಒದ್ದೆ, ಗಾಳಿ ಯಾವ ಕಡೆಯಿಂದ, ಕುರಿ ಎಷ್ಟು, ಇವನ್ನೆಲ್ಲ ಒಂದರ ಮೇಲೊಂದು ಹಾಸುತ್ತೇನೆ. ಎಲ್ಲಕ್ಕೂ ಮೇಲೆ ನೀವುಗಳು ಕಳಿಸುವ ಬಾಟಲಿಗಳ ಲೆಕ್ಕ. ರೋಗ ಬರುವ ಸಾಧ್ಯತೆ ಹೆಚ್ಚಿದ್ದರೆ ಕೆಂಪು, ಕಡಿಮೆ ಇದ್ದರೆ ಹಸಿರು. ಇರುವ ಲಸಿಕೆ ಎಲ್ಲರಿಗೂ ಸಾಲದು. ಈ ವರ್ಷ ಮೊದಲ ಸಲ ಅದು ನಕ್ಷೆ ನೋಡಿಕೊಂಡು ಹೋಗುತ್ತದೆ, ಕೆಂಪಿಗೆ ಮೊದಲು.

ನಮ್ಮ ಮುಖ್ಯಸ್ಥರಿಗೆ ನಾವು ಗುಟ್ಟಾಗಿ ಇಟ್ಟ ಹೆಸರು ತಕ್ಕಡಿ. ಇಲ್ಲಿಯವರೆಗೆ ಲಸಿಕೆಯನ್ನು ಎಲ್ಲ ಜಿಲ್ಲೆಗೂ ಸಮಸಮ ಹಂಚಿ, ಯಾರಿಗೂ ಸಾಲದ ಹಾಗೆ ನೋಡಿಕೊಂಡವರು. ಅವರು ಈಗ ನಕ್ಷೆಗೆ ಒಪ್ಪಿದ್ದೇ ದೊಡ್ಡದು. ಉಳಿದಂತೆ ಎಲ್ಲ ಚೆನ್ನಾಗಿದೆ. ಅಣ್ಣನಿಗೆ ಹೇಳಿ, ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದರೆ ಕೈ ಸವೆಯುವುದಿಲ್ಲ.

ನಿಮ್ಮ ನಾದಿನಿ


ಏಪ್ರಿಲ್ ೯

ಅತ್ತಿಗೆ,

ನಕ್ಷೆ ಮುಗಿಯಿತು. ಇವತ್ತು ತಕ್ಕಡಿಯವರು ಸಹಿ ಹಾಕಿದರು. ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಬಂದಾಗ ಕೋಣೆಯ ಬಾಗಿಲು ಮುಚ್ಚಿಕೊಂಡು ಒಬ್ಬಳೇ ನೋಡಿದೆ. ಹೆತ್ತವರಿಗೆ ಹೀಗೇ ಆಗುತ್ತದೇನೋ.

ನಿಮಗೊಂದು ಸಿಹಿ ಸುದ್ದಿ. ನಮ್ಮ ಕಣಿವೆ ಹಸಿರು. ಒಂದಾದ ಮೇಲೊಂದು ಐದು ಬಾಟಲಿಗಳಲ್ಲಿ ನೊರಜೇ ಇಲ್ಲದ ಕೆಲವೇ ಕೇಂದ್ರಗಳಲ್ಲಿ ನಿಮ್ಮದೂ ಒಂದು. ಈ ವರ್ಷ ನಿಮಗೆ ಲಸಿಕೆಯ ಗೊಡವೆಯೇ ಇಲ್ಲ, ಲಸಿಕೆಯೆಲ್ಲ ಕೆಳಗಿನ ಬಯಲಿಗೆ ಹೋಗುತ್ತದೆ. ಅಣ್ಣನಿಗೆ ನಿಶ್ಚಿಂತೆಯಿಂದ ಮಲಗಲು ಹೇಳಿ.

ನಿಮ್ಮ ನಾದಿನಿ


ಏಪ್ರಿಲ್ ೧೫

ನಾದಿನಿಗೆ,

ನಿನ್ನ ಸಿಹಿ ಸುದ್ದಿ ಓದಿ ಕುರ್ಚಿಯ ಮೇಲೆ ಕೂತವಳು ಏಳಲು ಹೊತ್ತು ಹಿಡಿಯಿತು. ಹಸಿರಂತೆ. ಯಾವ ಕಣಿವೆ ಹಸಿರು? ಎರಡು ವರ್ಷದ ಹಿಂದೆ ಗುಂಡಿ ತೋಡಿ ತೋಡಿ ನಿಮ್ಮಣ್ಣನ ಅಂಗೈ ಬೊಬ್ಬೆ ಎದ್ದ ಕಣಿವೆಯೇ? ಈ ಸಲ ಮಳೆ ಬೇಗ ಬಂದಿದೆ, ಹಳ್ಳದ ಪಕ್ಕದ ದೊಡ್ಡಿಗಳಲ್ಲಿ ಕಾಲಿಟ್ಟರೆ ಹಿಮ್ಮಡಿ ಮುಳುಗುತ್ತದೆ. ನೊರಜನ್ನು ಹೊತ್ತು ತರುವ ಗಾಳಿ ಗಡಿಯಾಚೆಯಿಂದ ಬೀಸುತ್ತಿದೆ.

ಬಾಟಲಿ ಖಾಲಿ ಬಂದದ್ದು ನಾನು ಆಸ್ಪತ್ರೆಯನ್ನು ಕನ್ನಡಿಯ ಹಾಗೆ ಇಟ್ಟುಕೊಂಡದ್ದಕ್ಕೆ. ಅದಕ್ಕೆ ಬಹುಮಾನ ಕೊಡುವುದು ಬಿಟ್ಟು ಶಿಕ್ಷೆ ಕೊಟ್ಟಿದ್ದೀಯ. ನನಗೆ ಕಾರಣ ಗೊತ್ತು. "ಅಣ್ಣನ ಊರಿಗೆ ಲಸಿಕೆ ಹಾಯಿಸಿಕೊಂಡಳು" ಎಂದು ಕಚೇರಿಯಲ್ಲಿ ಯಾರಾದರೂ ಆಡಿಕೊಂಡಾರು ಎಂಬ ಹೆದರಿಕೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಸುಮ್ಮನೆ ಅಲ್ಲ.

ಇವತ್ತು ಹಾದಿಯಲ್ಲಿ ಮೀಸೆಯವರು ಸಿಕ್ಕರು. ನೀನು ಊರು ಬಿಟ್ಟ ಮೇಲೆ ಇಲ್ಲಿಗೆ ಬಂದವರು, ನೀನು ನೋಡಿಲ್ಲ. ಕಣಿವೆಯಲ್ಲಿ ಎಲ್ಲರಿಗಿಂತ ದೊಡ್ಡ ಹಿಂಡು ಅವರದು, ಮೀಸೆಯೂ ಅದಕ್ಕೆ ತಕ್ಕ ಹಾಗೆ. "ಡಾಕ್ಟ್ರಮ್ಮ, ನಿಮ್ಮ ಲಸಿಕೆ ಹೊರಟಿದೆಯೋ, ಇನ್ನೂ ತಲೆ ಬಾಚ್ಕೋತಿದೆಯೋ?" ಅಂದರು. ನಗಲೂ ಆಗಲಿಲ್ಲ. ಅವರಿಗೆ ಏನು ಹೇಳಲಿ, ನೀನೇ ಬರೆದು ಕಳಿಸು.

ಅತ್ತಿಗೆ


ಏಪ್ರಿಲ್ ೨೧

ಅತ್ತಿಗೆ ಅವರಿಗೆ,

ನಕ್ಷೆಗೆ ಅಣ್ಣ ಅತ್ತಿಗೆ ಗೊತ್ತಿಲ್ಲ. ಸೆಕೆ, ಮಳೆ, ನೆಲ, ಗಾಳಿ, ಕುರಿ ಇವೆಲ್ಲ ನಿಮ್ಮ ಕಣಿವೆ ಕೆಂಪು ಎಂದೇ ಹೇಳುತ್ತಿದ್ದವು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವೆಲ್ಲ ಊಹೆ. ಬಾಟಲಿಯೊಂದೇ ಕಣ್ಣಾರೆ ಕಂಡ ಸಾಕ್ಷಿ, ಲೆಕ್ಕದಲ್ಲಿ ಅದರ ಮಾತಿಗೇ ತೂಕ ಹೆಚ್ಚು. ನೀವು ಕಳಿಸಿದ ಸಾಕ್ಷಿ "ಇಲ್ಲಿ ನೊರಜಿಲ್ಲ" ಎಂದಿತು, ನಾನು ನಂಬಿದೆ. ಮನೆಯವರೆಂದು ಹೆಚ್ಚೂ ನಂಬಲಿಲ್ಲ, ಕಡಿಮೆಯೂ ನಂಬಲಿಲ್ಲ.

ಮೀಸೆಯವರಿಗೆ ಇದನ್ನೇ ಹೇಳಬಹುದು.

ನಾದಿನಿ


ಮೇ ೪

ಅತ್ತಿಗೆ,

ಎರಡು ಪೆಟ್ಟಿಗೆ ಬಂದವು, ಎರಡರಲ್ಲೂ ಕಾಗದವಿಲ್ಲ. ಕೋಪ ಎಂದು ಗೊತ್ತಾಯಿತು, ಇರಲಿ. ಓದಲು ಏನೂ ಇಲ್ಲದ್ದಕ್ಕೆ ಬಾಟಲಿಯನ್ನೇ ಓದಲು ಕೂತೆ. ಇಷ್ಟು ದಿನ ನೊರಜು ಇದೆಯೋ ಇಲ್ಲವೋ ಎಂದಷ್ಟೇ ನೋಡಿ ಪಕ್ಕಕ್ಕಿಡುತ್ತಿದ್ದೆ. ಇವತ್ತು ಒಳಗಿದ್ದದ್ದನ್ನೆಲ್ಲ ಬಿಳಿ ತಟ್ಟೆಗೆ ಸುರಿದು ಒಂದೊಂದಾಗಿ ನೋಡಿದೆ. ಪತಂಗಗಳಿವೆ, ಹೂವಿನ ಗಿಡದ ಹೇನುಗಳಿವೆ, ಒಂದಿಷ್ಟು ಸುಣ್ಣದ ಚಕ್ಕೆ ಇದೆ. ಸಗಣಿ ಹುಳು ಒಂದೂ ಇಲ್ಲ. ಹಿಕ್ಕೆಯ ಮೇಲೆ ಕೂರುವ ನೊಣ ಒಂದೂ ಇಲ್ಲ. ಕುರಿದೊಡ್ಡಿಯ ಪಕ್ಕದ ಬಲೆಯಲ್ಲಿ ಇವಿಲ್ಲದೆ ಇರಲು ಸಾಧ್ಯವೇ?

ಒಂದೇ ಪ್ರಶ್ನೆ. ಬಲೆಯನ್ನು ಎಲ್ಲಿ ತೂಗುಹಾಕಿದ್ದೀರಿ?

ನಾದಿನಿ


ಮೇ ೮

ನಾದಿನಿಗೆ,

ಇದೊಂದು ವಿಚಾರಣೆ ಬಾಕಿಯಿತ್ತು. ಕೇಳಿದ್ದೀಯ, ಹೇಳುತ್ತೇನೆ, ನನಗೆ ಮುಚ್ಚಿಡುವಂಥದ್ದು ಏನಿಲ್ಲ.

ಹೋದ ವರ್ಷ ಬಲೆ ಇದ್ದದ್ದು ದೊಡ್ಡಿಯ ಮೂಲೆಯಲ್ಲಿ, ಕುರಿಗಳು ನೀರು ಕುಡಿಯುವ ತೊಟ್ಟಿಯ ಪಕ್ಕದಲ್ಲಿ. ಆ ಜಾಗ ಯಾವಾಗಲೂ ರೊಜ್ಜು. ಅಲ್ಲಿಂದ ಬಂದ ಕೊಳಕನ್ನು ನನ್ನ ಹೆಸರು ಬರೆದು ನಿಮಗೆ ಕಳಿಸಿ, ನೀವು ಅದನ್ನು ಅಚ್ಚು ಹಾಕಿ, ಸಭೆಯಲ್ಲಿ ನನ್ನನ್ನು ರಾಣಿ ಮಾಡಿದ್ದಾಯಿತು. ಈ ವರ್ಷ ಆಸ್ಪತ್ರೆಯ ಜಗುಲಿಗೆ ಸುಣ್ಣ ಹೊಡೆಸಿದೆ, ದಿನಕ್ಕೆರಡು ಸಲ ಫಿನಾಯಿಲ್ ಹಾಕಿ ತೊಳೆಸಿದೆ, ಹೂವಿನ ಕುಂಡ ಸಾಲಾಗಿ ಇಡಿಸಿದೆ, ಬಲೆಯನ್ನು ಅಲ್ಲಿಗೆ ತಂದು ತೂಗುಹಾಕಿದೆ. ಜಿಲ್ಲೆಯ ಅಧಿಕಾರಿ ತಪಾಸಣೆಗೆ ಬಂದವರು, "ನಿಮ್ಮ ಜಗುಲಿಯಲ್ಲಿ ಎಲೆ ಹಾಕದೆ ಊಟ ಬಡಿಸಬಹುದು" ಅಂದರು. ನೊರಜು ಬರದಂತೆ ಇಟ್ಟುಕೊಂಡಿದ್ದೇನೆ, ಬಂದಿಲ್ಲ. ಇದರಲ್ಲಿ ತಪ್ಪೇನಿದೆ ಎಂದು ನೀನೇ ಹೇಳು.

ದೊಡ್ಡಿ ಹಿತ್ತಲಲ್ಲಿ, ಕಟ್ಟಡದ ಆ ಮಗ್ಗುಲಿಗೆ. ಕುರಿಗಳೂ ಅಲ್ಲೇ ಇವೆ, ಎಲ್ಲಿಗೂ ಹೋಗಿಲ್ಲ.

ಅತ್ತಿಗೆ


ಮೇ ೧೨

ಅತ್ತಿಗೆ,

ನಿಮ್ಮ ಕಾಗದ ಓದಿ ಮೊದಲು ತಲೆ ಚಚ್ಚಿಕೊಂಡೆ, ಆಮೇಲೆ ಬಿದ್ದು ಬಿದ್ದು ನಕ್ಕೆ, ನಕ್ಕು ಮುಗಿದ ಮೇಲೆ ಹೆದರಿಕೆಯಾಯಿತು. ಬಲೆ ಹಾಕುವುದು ಆಸ್ಪತ್ರೆಗೆ ಅಂಕ ಕೊಡಲು ಅಲ್ಲ. ಕುರಿ ಮಲಗುವ ಜಾಗದಲ್ಲಿ ಅದನ್ನು ಯಾರು ಕಚ್ಚುತ್ತಾರೆ ಎಂದು ತಿಳಿಯಲು. ನೊರಜು ಹುಟ್ಟುವುದೇ ಸಗಣಿ ಬೆರೆತ ಒದ್ದೆ ಕೆಸರಿನಲ್ಲಿ. ಅಲ್ಲಿ ಹುಟ್ಟಿ, ಪಕ್ಕದಲ್ಲೇ ಕುರಿ ಸಿಕ್ಕಿದ ಮೇಲೆ ಅದು ಕಟ್ಟಡ ಸುತ್ತಿ ಬಂದು ಫಿನಾಯಿಲ್ ವಾಸನೆಯ ಜಗುಲಿ ಹತ್ತುವುದು ಯಾವ ಸುಖಕ್ಕೆ? ಜ್ವರ ಇದೆಯೇ ಎಂದು ನೋಡಲು ಥರ್ಮಾಮೀಟರನ್ನು ರೋಗಿಯ ಬಾಯಿಗೆ ಬಿಟ್ಟು ಗೋಡೆಗೆ ಇಟ್ಟ ಹಾಗಾಯಿತು.

ತಪ್ಪು ನಿಮ್ಮೊಬ್ಬರದಲ್ಲ. ಬಾಟಲಿಯ ಲೆಕ್ಕದ ಪಕ್ಕದಲ್ಲಿ ವೈದ್ಯರ ಹೆಸರು ಅಚ್ಚು ಹಾಕಿದರೆ ಅದು ಪರೀಕ್ಷೆಯ ಫಲಿತಾಂಶದ ಹಾಗೆ ಕಾಣುತ್ತದೆ ಎಂದು ಇಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ.

ಈ ಕಾಗದ ತಲುಪಿದ ಸಂಜೆಯೇ ಬಲೆಯನ್ನು ತೊಟ್ಟಿಯ ಪಕ್ಕಕ್ಕೆ ಕಟ್ಟಿ. ಕೆಸರು ಎತ್ತಬೇಡಿ, ತೊಳೆಯಬೇಡಿ. ಬಾಟಲಿಯನ್ನು ಮೊದಲ ಬಸ್ಸಿಗೆ ಹಾಕಿ. ಲಸಿಕೆ ಬಯಲಿಗೆ ಹೊರಡುವ ದಿನ ಹತ್ತಿರ ಬರುತ್ತಿದೆ. ಹೊರಟ ಮೇಲೆ ನನ್ನಿಂದ ಏನೂ ಆಗುವುದಿಲ್ಲ.

ನಿಮ್ಮ ನಾದಿನಿ


ಮೇ ೨೦

ನನ್ನ ಬಂಗಾರಕ್ಕೆ,

ಬಾಟಲಿಯನ್ನು ನೀನೇ ನೋಡುತ್ತೀಯ, ನಾನು ವರ್ಣಿಸುವುದಿಲ್ಲ. ಆದರೂ ತಡೆಯಲಾರೆ. ಎಳ್ಳು ತುಂಬಿಟ್ಟ ಹಾಗಿದೆ. ಬೆಳಿಗ್ಗೆ ಬಿಚ್ಚಿದವಳು ಹಾಗೇ ತೊಟ್ಟಿಯ ಕಟ್ಟೆಯ ಮೇಲೆ ಕೂತೆ. ನಾನು ನೊರಜನ್ನು ಓಡಿಸಿರಲಿಲ್ಲ, ನೊರಜಿನ ಹತ್ತಿರದಿಂದ ಬಲೆಯನ್ನು ಓಡಿಸಿದ್ದೆ. ಇಷ್ಟು ವರ್ಷ ಓದಿ, ಇಷ್ಟು ಕುರಿಗಳ ಬಾಯಿಗೆ ಕೈ ಹಾಕಿ, ಒಬ್ಬ ಮಹಾಶಯನ ಕುಹಕಕ್ಕೆ ಇಡೀ ಕಣಿವೆಯನ್ನು ಹಸಿರು ಮಾಡಿಸಿಕೊಂಡೆನಲ್ಲ ಎಂದು ನಾಚಿಕೆಯಾಯಿತು. ನಿನಗೆ ಮಾರಿ ಅಂದಿದ್ದನ್ನು ವಾಪಸು ತೆಗೆದುಕೊಂಡಿದ್ದೇನೆ.

ನಿಮ್ಮಣ್ಣನಿಗೆ ಹೇಳಿದೆ. ಅವರು ಬಾಟಲಿ ನೋಡಿದರು, ನನ್ನನ್ನು ನೋಡಿದರು. "ರಾಣಿಗೆ ರಾಜ್ಯ ವಾಪಸ್ ಸಿಕ್ತು" ಅಂದರು. ವರ್ಷಕ್ಕೊಂದು ಮಾತಾಡುತ್ತಾರೆ, ಅದೂ ಇಂಥದ್ದು.

ನಿನಗೆ ಅಲ್ಲಿ ತೊಂದರೆಯಾಗುತ್ತದೆಯೇ? ಸಹಿಯಾದ ನಕ್ಷೆ ತಪ್ಪು ಎಂದು ನೀನೇ ಹೇಳಬೇಕಾಗುತ್ತದಲ್ಲ. ನನ್ನ ಹೆಸರು ಹೇಳು, ಹೆದರಬೇಡ. ಅತ್ತಿಗೆಯ ಪೆದ್ದುತನ ಎಂದು ಡಂಗುರ ಸಾರಿದರೂ ಚಿಂತೆಯಿಲ್ಲ. ಲಸಿಕೆ ಬರಲಿ.

ನಿನ್ನ ಅತ್ತಿಗೆ


ಮೇ ೩೦

ಅತ್ತಿಗೆ,

ಗೆದ್ದೆ. ಮೊದಲು ಅದನ್ನು ಬರೆದುಬಿಡುತ್ತೇನೆ, ಆಮೇಲೆ ಪುರಾಣ.

ಜಗುಲಿಯ ಕಥೆ ಹೇಳಿದ ನಿಮ್ಮ ಕಾಗದ ಬಂದ ದಿನವೇ ಇನ್ನೊಂದು ಅನುಮಾನ ಹೊಕ್ಕಿತು. ಹೆಸರು ಅಚ್ಚಾದದ್ದು ನಿಮ್ಮದೊಂದೇ ಅಲ್ಲವಲ್ಲ. ಹಸಿರು ಬಳಿದ ಎಲ್ಲ ಕೇಂದ್ರಗಳಿಗೂ ಫೋನು ಮಾಡಿ, ತಂತಿ ಕಳಿಸಿದವರ ಹಾಗೆ ಒಂದೇ ಮಾತು ಕೇಳಿದೆ, ಬಲೆ ಎಲ್ಲಿದೆ. ಒಬ್ಬರು ಕಚೇರಿಯ ಮಹಡಿಯ ಮೇಲೆ ಅಂದರು. ಒಬ್ಬರು ಔಷಧಿ ಕೋಣೆಯೊಳಗೆ ಇಟ್ಟು ಕಿಟಕಿ ಮುಚ್ಚಿದ್ದರು, ಧೂಳು ಬರಬಾರದು ಎಂದು. ನಿಮ್ಮನ್ನು ರಾಣಿ ಎಂದ ಆ ಮಹಾಶಯ ಬಲೆಯನ್ನು ತುಳಸಿ ಕಟ್ಟೆಯಷ್ಟು ಶುದ್ಧವಾದ ಜಾಗದಲ್ಲಿ ಇಟ್ಟಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದ. ಎಲ್ಲರೂ ದೊಡ್ಡಿಗೆ ವಾಪಸು ಕಟ್ಟಿದರು. ಬಾಟಲಿಗಳು ಬರತೊಡಗಿದವು, ಎಲ್ಲ ಕಡೆಯಿಂದಲೂ ಎಳ್ಳು. ಕೆಳಗಿನ ಬಯಲಿನಲ್ಲಿ ಮಾತ್ರ ಬಲೆಗಳು ಮೊದಲಿನಿಂದಲೂ ದೊಡ್ಡಿಯಲ್ಲೇ ಇದ್ದವು. ಅಲ್ಲಿ ಈಗ ಕೆಸರು ಒಣಗಿ ಬಿರುಕು ಬಿಟ್ಟು ನೊರಜು ದಿನೇ ದಿನೇ ಇಳಿಯುತ್ತಿದೆ.

ಹಳೆಯ ನಕ್ಷೆ, ಹೊಸ ನಕ್ಷೆ, ನಿಮ್ಮ ಎರಡು ಬಾಟಲಿ ಹಿಡಿದು ತಕ್ಕಡಿಯವರ ಕೋಣೆಗೆ ಹೋದೆ. ಅವರು ಕನ್ನಡಕ ತೆಗೆದು ಒರೆಸಿದರು. ಅದು ಕೆಟ್ಟ ಲಕ್ಷಣ.

"ಏನಮ್ಮ, ಹೋದ ತಿಂಗಳು ಹಸಿರು ಅಂದ್ರಿ, ಈ ತಿಂಗಳು ಕೆಂಪು ಅಂತೀರಿ. ಮುಂದಿನ ತಿಂಗಳು ಯಾವ ಬಣ್ಣ?"

"ಬಾಟಲಿ ಏನು ಹೇಳುತ್ತೋ ಆ ಬಣ್ಣ ಸರ್."

"ನಕ್ಷೆ ತಪ್ಪು ಅಂತ ನೀವೇ ಬಂದು ಹೇಳಿದ್ರೆ, ಇನ್ನು ನಕ್ಷೆನ ಯಾರು ನಂಬ್ತಾರೆ?"

"ತಪ್ಪು ಅಂತ ಗೊತ್ತಾದ ಮೇಲೂ ಗೋಡೆಗೆ ಹಾಕ್ಕೊಂಡು ಕೂತ್ರೆ ಯಾರೂ ನಂಬಲ್ಲ ಸರ್. ಕುರಿ ಸಾಯೋಕೆ ಮುಂಚೆ ತಿದ್ದಿದ್ರೆ ನಂಬ್ತಾರೆ."

ನನ್ನ ಬಾಯಿಂದ ಇಷ್ಟು ಮಾತು ಬಂದದ್ದು ನನಗೇ ಆಶ್ಚರ್ಯ. ಅವರು ಎರಡೂ ಬಾಟಲಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದರಲ್ಲಿ ಪತಂಗ, ಒಂದರಲ್ಲಿ ಕಪ್ಪು. "ಎರಡೂ ಒಂದೇ ಆಸ್ಪತ್ರೆಯದಾ?" ಅಂದರು. ಹೌದು ಅಂದೆ. "ಯಾರು ಆ ಡಾಕ್ಟರು?" ಅಂದರು. ನಮ್ಮ ಅತ್ತಿಗೆ ಸರ್ ಎಂದೆ, ತಲೆ ತಗ್ಗಿಸದೆ. ಅವರು ಮೊದಲ ಸಲ ನಕ್ಕರು. "ಸಂಬಂಧಿಕರಿಗೆ ಸಹಾಯ ಮಾಡೋರನ್ನ ನೋಡಿದೀನಿ. ಸಂಬಂಧಿಕರ ತಪ್ಪನ್ನ ಬಾಟಲಿಗೆ ತುಂಬ್ಕೊಂಡು ಬಂದೋರನ್ನ ಈಗ್ಲೇ ನೋಡಿದ್ದು" ಎಂದು ಹೇಳಿ ಸಹಿ ಹಾಕಿದರು. ಲಾರಿಗಳು ಬಯಲಿಗೆ ಹೊರಡಲಿಲ್ಲ, ಅತ್ತಿಗೆ. ಮೇಲಕ್ಕೆ ತಿರುಗಿದವು.

ಈಗ ಹೇಳಬಹುದು, ಮುಂಚೆ ಬರೆಯಲಿಲ್ಲ. ಈ ವರ್ಷ ನಕ್ಷೆ ಸೋತರೆ ಈ ಕೋಣೆ ಮತ್ತೆ ಉಗ್ರಾಣವಾಗುತ್ತದೆ, ಲಸಿಕೆ ಮತ್ತೆ ಸಮಸಮ ಹಂಚಿಕೆಯಾಗುತ್ತದೆ ಎಂದು ತಕ್ಕಡಿಯವರು ಫೆಬ್ರವರಿಯಲ್ಲೇ ಹೇಳಿದ್ದರು. ಈ ಮಾತು ಇನ್ನೂ ಹಾಗೇ ಇದೆ. ಇನ್ನು ಮುಂದಿನದು ನಿಮ್ಮ ಸೂಜಿಯ ಕೈಯಲ್ಲಿದೆ.

ಅಂದ ಹಾಗೆ ಇನ್ನು ಮೇಲೆ ಯಾರ ಹೆಸರೂ ಅಚ್ಚಾಗುವುದಿಲ್ಲ.

ನಿಮ್ಮ ನಾದಿನಿ


ಜೂನ್ ೨೪

ಬಂಗಾರ,

ಕೈ ಎತ್ತಲಾಗುತ್ತಿಲ್ಲ, ಅಕ್ಷರ ಕೋಳಿಕಾಲಾದರೆ ಕ್ಷಮಿಸು. ಹದಿನೈದು ದಿನದಿಂದ ಬೆಳಕು ಹರಿದರೆ ಸೂಜಿ, ಕತ್ತಲಾದರೆ ಹಾಸಿಗೆ. ಲಸಿಕೆಯ ಮಂಜಿನ ಪೆಟ್ಟಿಗೆಗಳನ್ನು ಹೊತ್ತು ದೊಡ್ಡಿಯಿಂದ ದೊಡ್ಡಿಗೆ ನಡೆದಿದ್ದೇವೆ. ನಿಮ್ಮಣ್ಣ ಕುರಿ ಹಿಡಿಯುವುದು, ನಾನು ಚುಚ್ಚುವುದು, ಆಮೇಲೆ ನೆತ್ತಿಗೆ ಬಣ್ಣದ ಗುರುತು. ಈಗ ಇಡೀ ಕಣಿವೆಯ ಕುರಿಗಳು ಕುಂಕುಮ ಇಟ್ಟುಕೊಂಡ ಹಾಗೆ ಓಡಾಡುತ್ತಿವೆ.

ಮೊದಲ ದಿನ ಸುಲಭವಿರಲಿಲ್ಲ. ಮೀಸೆಯವರು ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತರು. "ಹಸಿರು ಅಂದ್ರು, ಈಗ ಕೆಂಪು ಅಂತಾರೆ. ನಿಮ್ಮ ನಾದಿನಿ ಬಣ್ಣ ಬದಲಾಯಿಸ್ತಾಳೆ, ನನ್ನ ಕೈಲಿ ಸತ್ತ ಕುರಿನ ಬದಲಾಯಿಸೋಕಾಗುತ್ತಾ? ಈ ಔಷಧಿ ಒಳ್ಳೇದೋ ಕೆಟ್ಟದ್ದೋ ಯಾರಿಗೆ ಗೊತ್ತು?" ನಾನು ಬಾಯಿ ತೆರೆಯುವ ಮೊದಲೇ ನಿಮ್ಮಣ್ಣ ಹೋಗಿ ತಮ್ಮ ಟಗರನ್ನು ತಂದರು. ಗೊತ್ತಲ್ಲ, ನನಗಿಂತ ಹೆಚ್ಚು ಮುದ್ದು ಮಾಡುವ ಆ ಟಗರು. ಅದನ್ನು ಎಲ್ಲರ ಎದುರಿಗೆ ಮೊಣಕಾಲ ಮಧ್ಯೆ ಹಿಡಿದು, "ಮೊದಲು ಇವನಿಗೆ ಹಾಕು" ಅಂದರು. ಅಷ್ಟೇ. ಮೀಸೆಯವರು ನಿಮ್ಮಣ್ಣನ ಮುಖವನ್ನೂ ಟಗರಿನ ಮುಖವನ್ನೂ ನೋಡಿ ಬಾಗಿಲು ತೆರೆದರು. ಯಾರೋ ಹಿಂದಿನಿಂದ, "ಕುರಿನ ಕೇಳಿ ಮಸಾಲೆ ಅರೀತಾರಾ, ಚುಚ್ಚಿ ಡಾಕ್ಟ್ರಮ್ಮ" ಅಂದರು. ಎಲ್ಲರೂ ನಕ್ಕರು. ಆಮೇಲೆ ಒಂದು ದೊಡ್ಡಿಯೂ ಬೇಡ ಅನ್ನಲಿಲ್ಲ.

ಕೊನೆಯ ಮಂಜಿನ ಪೆಟ್ಟಿಗೆ ನಿನ್ನೆ ಖಾಲಿಯಾಯಿತು. ಕಣಿವೆಯಲ್ಲಿ ಸೂಜಿ ತಾಗದ ಕುರಿ ಉಳಿದಿಲ್ಲ. ಎಲ್ಲ ಕ್ಷೇಮ, ನೀನು ಯೋಚನೆ ಮಾಡಬೇಡ.

ನಿನ್ನ ಅತ್ತಿಗೆ


ಆಗಸ್ಟ್ ೧೮

ಅತ್ತಿಗೆ,

ಎರಡು ವಾರದಿಂದ ಪೆಟ್ಟಿಗೆ ಬಂದಿಲ್ಲ, ಕಾಗದವೂ ಇಲ್ಲ. ಕೋಪವಿದ್ದಾಗಲೂ ಬಾಟಲಿ ತಪ್ಪಿಸಿದವರಲ್ಲ ನೀವು. ಇವತ್ತು ಕಚೇರಿಗೆ ಜಿಲ್ಲೆಯಿಂದ ಒಂದೇ ಸಾಲಿನ ವರದಿ ಬಂದಿದೆ. ನಮ್ಮ ಕಣಿವೆಯಲ್ಲಿ ಒಂದು ಟಗರಿಗೆ ನೀಲಿ ನಾಲಿಗೆ, ಖಚಿತ. ಅದರ ಮುಂದೆ ಏನೂ ಇಲ್ಲ. ಯಾರ ಟಗರು? ಅಣ್ಣನದೇ?

ನಾದಿನಿ


ಸೆಪ್ಟೆಂಬರ್ ೨

ಅತ್ತಿಗೆ,

ಇದನ್ನು ಜಿಲ್ಲಾ ಕಚೇರಿಯ ಕೈಯಲ್ಲಿ ಕಳಿಸುತ್ತಿದ್ದೇನೆ, ನಿಮಗೆ ಸಿಗುತ್ತದೋ ಇಲ್ಲವೋ. ಕಣಿವೆಯ ದಾರಿ ಮುಚ್ಚಿದ್ದಾರಂತೆ, ಕುರಿಯಾಗಲಿ ಗಾಡಿಯಾಗಲಿ ಬಿಡುತ್ತಿಲ್ಲವಂತೆ. ಎರಡು ವರ್ಷದ ಹಿಂದೆಯೂ ಮೊದಲು ಒಂದೇ ಒಂದು ಎಂದಿದ್ದರು. ತಕ್ಕಡಿಯವರು ದಿನಾ ಬಾಗಿಲಲ್ಲಿ ಇಣುಕಿ, "ಏನಾದ್ರೂ ಗೊತ್ತಾಯ್ತಾ?" ಅನ್ನುತ್ತಾರೆ. ನಾನು ಸೇತುವೆ ನೋಡುತ್ತಾ ಕೂತಿರುತ್ತೇನೆ. ಕೆಟ್ಟ ಸುದ್ದಿಯಾದರೂ ಪರವಾಗಿಲ್ಲ, ಬರೆಯಿರಿ. ಏನೂ ತಿಳಿಯದೆ ಜೀವ ಬಾಯಿಗೆ ಬಂದಿದೆ.

ನಾದಿನಿ


ಸೆಪ್ಟೆಂಬರ್ ೧೧

ನನ್ನ ಬಂಗಾರಕ್ಕೆ, ಚಿನ್ನಕ್ಕೆ, ಇನ್ನೂ ಬೆಲೆ ಬಾಳುವ ಲೋಹ ಯಾವುದಿದ್ದರೆ ಅದಕ್ಕೆ,

ಅಳಬೇಡ, ಓದು. ಅಣ್ಣನ ಟಗರು ಗುಂಡುಕಲ್ಲಿನ ಹಾಗಿದೆ. ನಾನು ಪ್ರತಿ ವಾರವೂ ಬಾಟಲಿ ಕಳಿಸಿದೆ, ಪ್ರತಿ ವಾರವೂ ಬರೆದೆ. ದಾರಿ ಮುಚ್ಚಿದ ಕಡೆ ಒಬ್ಬ ಕಾವಲುಗಾರನನ್ನು ಕೂರಿಸಿದ್ದಾರೆ, ಆ ಪುಣ್ಯಾತ್ಮ ಪೆಟ್ಟಿಗೆಯ ಮೇಲೆ 'ಕೀಟಗಳು' ಎಂದು ಬರೆದದ್ದು ನೋಡಿ, "ರೋಗ ಇರೋ ಜಾಗದಿಂದ ಹುಳ ಆಚೆ ಬಿಡಲ್ಲ" ಎಂದು ಎಲ್ಲವನ್ನೂ ತನ್ನ ಗುಡಿಸಲಿನಲ್ಲಿ ಪೇರಿಸಿಟ್ಟುಕೊಂಡಿದ್ದಾನೆ. ನಿನ್ನ ಎರಡನೆಯ ಕಾಗದ ನಿನ್ನೆ ಸಿಕ್ಕಾಗಲೇ ನಮಗೆ ತಿಳಿದದ್ದು, ಅದಕ್ಕೇ ಇದನ್ನು ಬಾಟಲಿಯಿಲ್ಲದೆ ಜಿಲ್ಲಾ ಕಚೇರಿಯವರ ಕೈಯಲ್ಲಿ ಕಳಿಸುತ್ತಿದ್ದೇನೆ. ಸ್ಪಿರಿಟ್‌ನಲ್ಲಿ ಸತ್ತು ತಿಂಗಳಾದ ಹುಳು ಎಲ್ಲಿಗೆ ಹಾರುತ್ತದೆ ಎಂದು ಕೇಳಿದರೆ, "ಅದು ನನಗೆ ಗೊತ್ತಿಲ್ಲ, ಆರ್ಡರ್ ಇದೆ" ಅಂದ. ಬೈಯಲು ಮನಸ್ಸು ಬರಲಿಲ್ಲ. ಅವನು ಅಷ್ಟು ಗಟ್ಟಿಯಾಗಿ ಕೂತದ್ದಕ್ಕೇ ರೋಗ ಕಣಿವೆಯಾಚೆಗೆ ಕಾಲಿಡಲಿಲ್ಲ.

ಈಗ ನಡೆದದ್ದು. ಮೀಸೆಯವರು ಜುಲೈಯಲ್ಲಿ ಗಡಿಯಾಚೆಯಿಂದ ಒಂದು ಟಗರು ಕೊಂಡು ತಂದರು, ನನಗೆ ಹೇಳದೆ. ಅಗ್ಗಕ್ಕೆ ಸಿಕ್ಕಿತಂತೆ. ಅದಕ್ಕೆ ಲಸಿಕೆ ಆಗಿರಲಿಲ್ಲ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅವರೇ ಓಡಿಬಂದರು, ಮೀಸೆ ಇಳಿದುಹೋಗಿತ್ತು. ಹೋಗಿ ಬಾಯಿ ತೆರೆಸಿದೆ. ನಾಲಿಗೆ ನೇರಳೆ ಹಣ್ಣು ತಿಂದ ಬಣ್ಣ. ಅದರ ಸುತ್ತ ಇಡೀ ಹಿಂಡು ನಿಂತಿತ್ತು, ತೊಟ್ಟಿಯ ಪಕ್ಕ ಸಂಜೆಯಾದರೆ ನೊರಜಿನ ಮೋಡ. ಅದನ್ನು ಕಚ್ಚಿದ ನೊರಜು ಉಳಿದದ್ದನ್ನು ಕಚ್ಚದೆ ಬಿಡುತ್ತದೆಯೇ? ರೋಗದ ಟಗರನ್ನು ಬೇರೆ ಕಡೆ ನೊರಜು ನುಗ್ಗದ ಪರದೆ ಹೊದಿಸಿದ ಕೊಟ್ಟಿಗೆಗೆ ಹಾಕಿದೆ. ಆದರೆ ಅದು ಕೋಟೆ ಬಾಗಿಲಿನ ಕಥೆಯೇ ಆಯಿತೇನೋ ಅನ್ನಿಸಿತು.

ಅಲ್ಲಿಂದ ದಿನಾ ಬೆಳಿಗ್ಗೆ ನಾನೂ ನಿಮ್ಮಣ್ಣನೂ ದೊಡ್ಡಿ ದೊಡ್ಡಿ ಸುತ್ತಿದೆವು. ಅವರು ದವಡೆ ಹಿಡಿಯುವುದು, ನಾನು ನಾಲಿಗೆ ನೋಡುವುದು. ಗುಲಾಬಿ. ಮುಂದಿನದು. ಗುಲಾಬಿ. ಮುಂದಿನದು. ಮೊದಲ ವಾರ ನಂಬಲಿಲ್ಲ, ಇನ್ನೂ ಸಮಯವಿದೆ ಅಂದುಕೊಂಡೆ. ಎರಡನೆಯ ವಾರವೂ ಗುಲಾಬಿ. ಮೂರನೆಯ ವಾರ ಮೀಸೆಯವರು ನಮ್ಮ ಜೊತೆ ಬಂದು ಪ್ರತಿ ಬಾಯಿಗೂ ತಾವೇ ಇಣುಕಿ, "ಗುಲಾಬಿ" ಎಂದು ಕೂಗತೊಡಗಿದರು, ಹರಾಜು ಹಾಕುವವರ ಹಾಗೆ. ಕಣಿವೆಯ ಈ ತುದಿಯಿಂದ ಆ ತುದಿಯವರೆಗೆ ಒಂದು ಕುರಿಯೂ ಮಲಗಲಿಲ್ಲ. ಒಂದು ಮರಿಯೂ ಹಾಲು ಬಿಡಲಿಲ್ಲ. ಆ ನೇರಳೆ ನಾಲಿಗೆಯ ಟಗರೂ ಬದುಕಿತು, ಎಲುಬು ಎಣಿಸುವ ಹಾಗಾಗಿದೆ, ಆದರೆ ಇವತ್ತು ಕೊಟ್ಟಿಗೆಯ ಬಾಗಿಲಿಗೆ ಗುದ್ದುತ್ತಿದೆ.

ನೊರಜು ಕಚ್ಚಿಲ್ಲವೆಂದಲ್ಲ, ಬೇಕಾದಷ್ಟು ಕಚ್ಚಿದೆ. ರೋಗ ಮನೆ ಮನೆ ಬಾಗಿಲು ತಟ್ಟಿದೆ, ಯಾರೂ ತೆಗೆಯಲಿಲ್ಲ. ನೀನು ಲಾರಿ ತಿರುಗಿಸದೆ ಇದ್ದಿದ್ದರೆ ಇಷ್ಟು ಹೊತ್ತಿಗೆ ನಾವು ಗುಂಡಿ ತೋಡುತ್ತಿದ್ದೆವು. ಇದನ್ನು ನಾನು ಪಶುವೈದ್ಯೆಯಾಗಿ ವರದಿಯಲ್ಲಿ ಬರೆದಿದ್ದೇನೆ. ಅತ್ತಿಗೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ನಿನ್ನನ್ನು ಕಂಡರೆ ನನಗೆ ಹೆಮ್ಮೆ. ಹಾಲು ಕುಡಿದಷ್ಟು ಸಂತೋಷವಾಗಿದೆ.

ಗಡಿಯಾಚೆ ರೋಗ ಎದ್ದಿದೆ ಎಂದು ಜೂನಿನಲ್ಲೇ ನನಗೆ ಗೊತ್ತಿತ್ತು. ನಿನಗೂ ಗೊತ್ತಿದ್ದಿರಬೇಕು. ನೀನು ಹೆದರುತ್ತೀಯೆಂದು ನಾನು ಬರೆಯಲಿಲ್ಲ, ನಾನು ಹೆದರುತ್ತೇನೆಂದು ನೀನು ಬರೆಯಲಿಲ್ಲ. ಇಬ್ಬರೂ ಕಳ್ಳಿಯರೇ.

ದಾರಿ ತೆರೆದ ಮೇಲೆ ಹಿಂಡುಗಳು ಚಳಿಗಾಲದ ಹುಲ್ಲಿಗೆ ಕೆಳಗೆ ಇಳಿಯುತ್ತವೆ. ನಿಮ್ಮಣ್ಣ ಈಗಲೇ ಕೋಲು ಒರೆಸುತ್ತಿದ್ದಾರೆ. ಅವರು ಏನೋ ಒಂದು ಸಾಲು ಬರೆಯಬೇಕಂತೆ, ಇಗೋ ಪೆನ್ನು ಕೊಟ್ಟೆ.

ಚೆನ್ನಾಗಿದ್ದೇವೆ. ಎಲ್ಲಾ ಇವೆ. ಅಣ್ಣ.


ಅಕ್ಟೋಬರ್ ೨೯

ಅತ್ತಿಗೆ,

ಅಣ್ಣನ ಆ ಸಾಲನ್ನು ಎಷ್ಟು ಸಲ ಓದಿದೆನೋ. "ಎಲ್ಲಾ ಇವೆ." ಅದಕ್ಕಿಂತ ಒಳ್ಳೆಯ ವರದಿ ಈ ಕಚೇರಿಗೆ ಬಂದಿಲ್ಲ. ಕಾವಲುಗಾರ ಪೇರಿಸಿಟ್ಟಿದ್ದ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಬಂದು ನನ್ನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಜಾಗವಿಲ್ಲ ಎಂದು ಹೇಳಲು ಹೋದರೆ ತಕ್ಕಡಿಯವರು ಪಕ್ಕದ ಕೋಣೆಯ ಬೀಗದ ಕೈ ಕೊಟ್ಟರು. "ಇದನ್ನೂ ತಗೊಳ್ಳಿ. ಬರೋ ವರ್ಷ ದನಗಳ ನಕ್ಷೆನೂ ಬೇಕು" ಅಂದರು. ಸಮಸಮ ಹಂಚಿಕೆಯ ಮಾತೇ ಎತ್ತಲಿಲ್ಲ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಬರುವಾಗ ಸೇತುವೆಯ ಈ ಕಡೆ ಬಸ್ಸು ನಿಂತಿತು. ಮುಂದೆ ಇನ್ನೊಂದು ಬಸ್ಸು, ಅದರ ಮುಂದೆ ಲಾರಿ, ಕಾರು, ಎಲ್ಲರೂ ಹಾರನ್ ಬಾರಿಸುತ್ತಿದ್ದಾರೆ. ಇಳಿದು ನಡೆದೆ. ಸೇತುವೆ ಕಾಣಲಿಲ್ಲ, ಬರೀ ಕುರಿ. ಆ ದಡದಿಂದ ಈ ದಡದವರೆಗೆ ಒತ್ತಿಕೊಂಡು, ಕೆಮ್ಮುತ್ತಾ, ಕೂಗುತ್ತಾ, ನೆತ್ತಿಯ ಮೇಲೆ ಮಾಸಿದ ಕೆಂಪು ಗುರುತು ಇಟ್ಟುಕೊಂಡು ಬರುತ್ತಿದ್ದವು. ನಕ್ಷೆಯಲ್ಲಿ ಇವೆಲ್ಲ ಒಂದು ಚೌಕದೊಳಗಿನ ಒಂದು ಅಂಕಿ, ಅತ್ತಿಗೆ. ಇಷ್ಟೊಂದು ಇವೆ ಎಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ರಸ್ತೆಯ ನಡುವೆ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಕಣ್ಣಲ್ಲಿ ನೀರು ತುಂಬಿ ಕುರಿಗಳೆಲ್ಲ ಒಂದರೊಳಗೊಂದು ಕಲಸಿಹೋದವು.

ಅಣ್ಣನ ಹಿಂಡು ಇನ್ನೂ ಹಿಂದಿತ್ತೇನೋ, ಮುಂದಿನ ಹಿಂಡಿನ ಜೊತೆ ಒಬ್ಬರು ಬಂದರು. ಮೀಸೆ ನೋಡಿದ ತಕ್ಷಣ ಯಾರೆಂದು ಗೊತ್ತಾಯಿತು. ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ಹೇಳಬೇಕೆಂದುಕೊಂಡವಳು, "ಈ ವರ್ಷ ರೋಗ ಬಂದಿತ್ತಂತೆ, ಎಷ್ಟು ಕಳ್ಕೊಂಡ್ರಿ?" ಎಂದಷ್ಟೇ ಕೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕಳ್ಕೊಳ್ಳೋದಾ? ಒಂದೂ ಇಲ್ಲಮ್ಮ. ಸ್ವಲ್ಪ ಆಚೆ ನಿಂತ್ಕೊಳ್ಳಿ, ಕುರಿಗೆ ದಾರಿ ಬಿಡಿ."

ನಾನು ಪಕ್ಕಕ್ಕೆ ಸರಿದು ಸೇತುವೆಯ ಕಟಕಟೆಗೆ ಒತ್ತಿಕೊಂಡು ನಿಂತೆ. ಇಷ್ಟು ಖುಷಿಯಿಂದ ನಾನು ಯಾರಿಗೂ ದಾರಿ ಬಿಟ್ಟವಳಲ್ಲ. ಕಚೇರಿಗೆ ತುಂಬಾ ತಡವಾಯಿತು, ಅತ್ತಿಗೆ. ಅವು ಮುಗಿಯಲೇ ಇಲ್ಲ.

ನಿಮ್ಮ ನಾದಿನಿ